ಕೊಳವೆಗೆ ಮಿತಿಯಿದೆ, ನದಿಗೆ ಲೆಕ್ಕವಿಲ್ಲ: ಉಪ್ಪಾಗುತ್ತಿರುವ ನದಿಗಳು ಮತ್ತು ಸರ್ಕಾರಗಳ ನಿಯಂತ್ರಣ

ಊರಿನ ಚರಂಡಿ ನೀರು ನದಿಗೆ ಸೇರಿದಾಗ ನೀರು ಕಪ್ಪಾಗುತ್ತದೆ, ನಾರುತ್ತದೆ, ಮೀನು ಸಾಯುತ್ತದೆ. ಆದರೂ ಆ ನದಿಗೆ ಸಾಕಷ್ಟು ಹರಿವು, ಗಾಳಿಯಾಡುವ ಕಲ್ಲುಹಾಸು ಮತ್ತು ಒಂದಷ್ಟು ದೂರ ಸಿಕ್ಕಿದರೆ ನೀರಿನಲ್ಲಿರುವ ಸೂಕ್ಷ್ಮಜೀವಿಗಳೇ ಆ ಕೊಳೆಯನ್ನು ತಿಂದು ಜೀರ್ಣಿಸಿಕೊಳ್ಳುತ್ತವೆ, ಕೆಳಗೆ ಹೋಗುತ್ತಾ ನೀರು ಬಹುಮಟ್ಟಿಗೆ ತಿಳಿಯಾಗುತ್ತದೆ. ಉಪ್ಪಿನ ವಿಷಯದಲ್ಲಿ ಹೀಗೆ ಆಗುವುದೇ ಇಲ್ಲ. ಉಪ್ಪನ್ನು ತಿಂದು ಮುಗಿಸುವ ಜೀವಾಣು ಯಾವುದೂ ಇಲ್ಲ. ಅದು ಆವಿಯಾಗಿ ಮೇಲೇರುವುದಿಲ್ಲ, ನದಿಯಲ್ಲಿ ಇರುವ ಪ್ರಮಾಣದಲ್ಲಿ ಕೆಸರಾಗಿ ತಳಕ್ಕಿಳಿಯುವುದೂ ಇಲ್ಲ. ಮೇಲ್ದಂಡೆಯಲ್ಲಿ ನೀರಿಗೆ ಬಿದ್ದ ಒಂದು ಕಿಲೋ ಉಪ್ಪು ಸಮುದ್ರವನ್ನು ಸೇರುವ ತನಕ, ಇಲ್ಲವೇ ಯಾರದಾದರೂ ಹೊಲದಲ್ಲಿ ಉಳಿದುಕೊಳ್ಳುವ ತನಕ, ಒಂದು ಕಿಲೋ ಆಗಿಯೇ ಇರುತ್ತದೆ. ನಡುವೆ ಬಿಸಿಲಿಗೆ ನೀರು ಆವಿಯಾದರೆ, ನಾಲೆಗೆ ನೀರು ತಿರುವಿಕೊಂಡರೆ, ಉಳಿದ ನೀರು ಇನ್ನಷ್ಟು ಉಪ್ಪಾಗುತ್ತದೆ.

ಇಷ್ಟು ಸರಳವಾದ ಸಂಗತಿಯನ್ನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಜಗತ್ತಿನ ಹೆಚ್ಚಿನ ದೇಶಗಳ ಜಲಮಾಲಿನ್ಯ ಕಾನೂನುಗಳು ಮೂಡಿದ್ದು 1970ರ ದಶಕದ ಆಸುಪಾಸಿನಲ್ಲಿ. ಅಮೆರಿಕದ ಕ್ಲೀನ್ ವಾಟರ್ ಆಕ್ಟ್ 1972ರದು, ಭಾರತದ ಜಲಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯ್ದೆ 1974ರದು. ಆಗ ಕಣ್ಣೆದುರಿಗಿದ್ದ ದೊಡ್ಡ ಸಂಕಟ ಕೊಳೆಯುವ ಕಸ. ಅದಕ್ಕೆ ತಕ್ಕಂತೆ ಒಂದು ವಿಧಾನ ರೂಪುಗೊಂಡಿತು: ನದಿಗೆ ನೀರು ಬಿಡುವ ಪ್ರತಿಯೊಂದು ಕೊಳವೆಗೂ ಒಂದು ಪರವಾನಗಿ, ಆ ಪರವಾನಗಿಯಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಮಿತಿ, ಮಿತಿ ಮೀರಿದರೆ ದಂಡ. ಕೊಳೆಯುವ ಕಸಕ್ಕೆ ಈ ವಿಧಾನ ಒಂದು ಮಟ್ಟಕ್ಕೆ ಒಪ್ಪುತ್ತದೆ, ಏಕೆಂದರೆ ಉಳಿದದ್ದನ್ನು ನದಿಯೇ ನೋಡಿಕೊಳ್ಳುತ್ತದೆ. ಉಪ್ಪಿಗೆ ಅದು ಒಪ್ಪುವುದಿಲ್ಲ. ಪ್ರತಿಯೊಂದು ಕೊಳವೆಯೂ ತನ್ನ ಮಿತಿಯೊಳಗೇ ಇದ್ದು, ಯಾರೊಬ್ಬರೂ ಕಾನೂನು ಮುರಿಯದೆ, ಇಡೀ ನದಿ ಕುಡಿಯಲಾಗದಷ್ಟು ಉಪ್ಪಾಗುವುದು ಸಾಧ್ಯವಿದೆ. ಅನೇಕ ಕಡೆ ಆಗಿರುವುದೂ ಇದೇ.

ಉಪ್ಪು ಎಂದಾಗ ಅಡುಗೆಮನೆಯ ಸೋಡಿಯಂ ಕ್ಲೋರೈಡ್ ಒಂದನ್ನೇ ನೆನೆಯಬಾರದು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಎಲ್ಲವೂ ಸೇರಿ ನದಿಯ ಲವಣಾಂಶವಾಗುತ್ತದೆ. ಬಂಡೆಗಳು ಸವೆದು ಬರುವ ಲವಣ ಪ್ರತಿ ನದಿಯಲ್ಲೂ ಇದ್ದೇ ಇರುತ್ತದೆ. ಅದರ ಮೇಲೆ ಮನುಷ್ಯರು ಸೇರಿಸುವುದು ಗಣಿಯ ಒಳಗಿಂದ ಪಂಪು ಮಾಡಿ ಹೊರಹಾಕುವ ಉಪ್ಪುನೀರು, ಬಣ್ಣದ ಕಾರ್ಖಾನೆ ಮತ್ತು ಚರ್ಮ ಹದ ಮಾಡುವ ಘಟಕಗಳ ತ್ಯಾಜ್ಯ, ತೈಲಬಾವಿಗಳ ಜೊತೆ ಮೇಲೆ ಬರುವ ನೀರು, ಚಳಿದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು, ಶುದ್ಧೀಕರಣ ಘಟಕಗಳು ಹೊರಬಿಡುವ, ಉಪ್ಪಿನಿಂದ ಗಟ್ಟಿಯಾದ ನೀರು, ಮತ್ತು ಎಲ್ಲಕ್ಕಿಂತ ಹರಡಿಕೊಂಡಿರುವುದು, ನೀರಾವರಿ ಜಮೀನಿನಿಂದ ಬಸಿದು ಬರುವ ನೀರು.

ಇದನ್ನು ಅಳೆಯುವುದು ಕಷ್ಟವೇನಲ್ಲ ಎಂಬುದು ಗಮನಿಸಬೇಕಾದ ಮಾತು. ಪೆನ್ನಿನಷ್ಟು ದೊಡ್ಡದಾದ ಒಂದು ವಾಹಕತಾ ಮಾಪಕವನ್ನು ನೀರಿನಲ್ಲಿ ಅದ್ದಿದರೆ ಅದರ ತುದಿಯ ಎರಡು ಲೋಹದ ಬಿಂದುಗಳ ನಡುವೆ ಸಣ್ಣ ವಿದ್ಯುತ್ ಹರಿಯುತ್ತದೆ. ನೀರಿನಲ್ಲಿ ಲವಣ ಹೆಚ್ಚಿದ್ದಷ್ಟೂ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಅಂಕಿ ಸೊನ್ನೆಯ ಹತ್ತಿರ ನಿಲ್ಲುತ್ತದೆ, ಒಳ್ಳೆಯ ನದಿನೀರಿನಲ್ಲಿ ಕೆಲವು ನೂರಕ್ಕೆ ಏರುತ್ತದೆ, ಸಮುದ್ರದ ನೀರಿನಲ್ಲಿ 50,000ದ ಆಸುಪಾಸಿಗೆ ಹೋಗುತ್ತದೆ. ಸೆಂಟಿಮೀಟರಿಗೆ ಮೈಕ್ರೋಸೀಮೆನ್ಸ್ ಎಂಬ ಈ ಅಳತೆಯನ್ನು ಈ ಕೆಲಸದಲ್ಲಿರುವವರು ಚುಟುಕಾಗಿ ಇಸಿ ಎನ್ನುತ್ತಾರೆ. ಸ್ಥೂಲವಾಗಿ ಅದರ ಮೂರನೇ ಎರಡು ಭಾಗದಷ್ಟು ಲೀಟರಿಗೆ ಮಿಲಿಗ್ರಾಂ ಲೆಕ್ಕದ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಘನಪದಾರ್ಥ. ಕೆಲವು ವಿಷರಾಸಾಯನಿಕಗಳನ್ನು ಪತ್ತೆ ಮಾಡಲು ದುಬಾರಿ ಪ್ರಯೋಗಾಲಯ ಬೇಕು, ದಿನಗಟ್ಟಲೆ ಕಾಯಬೇಕು. ಉಪ್ಪನ್ನು ಮಾತ್ರ ದಂಡೆಯಲ್ಲಿ ನಿಂತು ಅರೆನಿಮಿಷದಲ್ಲಿ ಅಳೆಯಬಹುದು, ಗಂಟೆಗೊಮ್ಮೆ ಅಳೆದು ತಾನಾಗಿಯೇ ವರದಿ ಕಳಿಸುವ ಯಂತ್ರವನ್ನು ಸೇತುವೆಯ ಕಂಬಕ್ಕೆ ಕಟ್ಟಬಹುದು. ಹಾಗಾಗಿ ಉಪ್ಪಿನ ನಿಯಂತ್ರಣ ಸೋತಾಗ ಮಾಹಿತಿ ಇರಲಿಲ್ಲ ಎಂಬ ನೆಪವನ್ನು ಸರ್ಕಾರಗಳು ಹೇಳುವಂತಿಲ್ಲ.

ಉಪ್ಪು ವಿಷವಲ್ಲವಲ್ಲ, ಅದರಿಂದ ಏನು ತೊಂದರೆ ಎಂಬ ಪ್ರಶ್ನೆ ಆಡಳಿತದ ಮಟ್ಟದಲ್ಲಿ ಆಗಾಗ ಬರುತ್ತದೆ. ಸಿಹಿನೀರಿನ ಜೀವಿಗಳಿಗೆ ಅದು ನಿಜಕ್ಕೂ ವಿಷ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲೇ ಜಲಜೀವಿಗಳ ರಕ್ಷಣೆಗೆ ದೀರ್ಘಾವಧಿಯಲ್ಲಿ ಲೀಟರಿಗೆ 230 ಮಿ.ಗ್ರಾಂ, ಅಲ್ಪಾವಧಿಯಲ್ಲಿ 860 ಮಿ.ಗ್ರಾಂ ಕ್ಲೋರೈಡನ್ನು ಮೀರಬಾರದೆಂದು ಹೇಳಿತ್ತು. ಕ್ಲೋರೈಡ್ ಹೆಚ್ಚಾದ ನೀರು ಕಬ್ಬಿಣದ ಕೊಳವೆಗಳನ್ನು ತಿನ್ನುತ್ತದೆ. ಜಮೀನಿಗೆ ಬಂದಾಗ ಎರಡು ಬಗೆಯ ಹಾನಿ: ಮಣ್ಣಿನಲ್ಲಿ ನೀರಿದ್ದರೂ ಬೇರು ಅದನ್ನು ಹೀರಲಾರದೆ ಬೆಳೆ ಬಾಡುತ್ತದೆ, ಮತ್ತು ಸೋಡಿಯಂ ಹೆಚ್ಚಾದಲ್ಲಿ ಜೇಡಿಮಣ್ಣಿನ ಕಣಗಳು ಬಿಡಿಬಿಡಿಯಾಗಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ನೀರು ಇಂಗುವುದಿಲ್ಲ. ನೀರಾವರಿ ಬಲ್ಲ ರೈತರು ಸವಳು, ಚೌಳು, ಜವಳು ಎಂದು ಮೂರು ಬೇರೆ ಹೆಸರಿಟ್ಟು ಗುರುತಿಸಿದ ಹಾನಿಯನ್ನು ಎಷ್ಟೋ ದೇಶಗಳ ಪರವಾನಗಿ ಪತ್ರಗಳು ಟಿಡಿಎಸ್ ಎಂಬ ಒಂದೇ ಕಲಮಿನಲ್ಲಿ ಮುಗಿಸಿಬಿಡುತ್ತವೆ.

ಈಗ ಕೊಳವೆಯ ಮಿತಿ ಏಕೆ ಸಾಲದು ಎಂಬುದನ್ನು ಒಂದು ಲೆಕ್ಕದ ಮೂಲಕ ನೋಡೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ಲೆಕ್ಕ ಮಾತ್ರ ಎಲ್ಲ ನದಿಗೂ ಒಂದೇ. ಒಂದು ಕಾರ್ಖಾನೆಗೆ ಲೀಟರಿಗೆ 2,000 ಮಿ.ಗ್ರಾಂ ಲವಣದ ಮಿತಿಯಿದೆ, ಅದು ದಿನಕ್ಕೆ 10 ಲಕ್ಷ ಲೀಟರ್ ಬಿಡುತ್ತದೆ ಎಂದುಕೊಳ್ಳಿ. ಅಂದರೆ ದಿನಕ್ಕೆ ಎರಡು ಟನ್ ಉಪ್ಪು. ದಂಡೆಯುದ್ದಕ್ಕೂ ಅಂಥ 20 ಕಾರ್ಖಾನೆಗಳಿದ್ದರೆ 40 ಟನ್. ನದಿಯಲ್ಲಿ ಮೊದಲೇ ಲೀಟರಿಗೆ 200 ಮಿ.ಗ್ರಾಂ ಲವಣವಿದೆ ಎಂದು ಹಿಡಿಯೋಣ. ಮಳೆಗಾಲದಲ್ಲಿ ಸೆಕೆಂಡಿಗೆ 100 ಘನಮೀಟರ್ ಹರಿಯುವಾಗ ದಿನಕ್ಕೆ 864 ಕೋಟಿ ಲೀಟರ್ ನೀರು ಸಾಗುತ್ತದೆ. ಈ 40 ಟನ್ ಸೇರಿದ ಮೇಲೂ ನದಿಯ ಲವಣ ಸುಮಾರು 204 ಮಿ.ಗ್ರಾಂ, ಯಾರ ನಾಲಗೆಗೂ ತಿಳಿಯದಷ್ಟು ಬದಲಾವಣೆ. ಬೇಸಿಗೆಯಲ್ಲಿ ಹರಿವು ಸೆಕೆಂಡಿಗೆ ಅರ್ಧ ಘನಮೀಟರಿಗೆ ಇಳಿದರೆ ದಿನಕ್ಕೆ 4.32 ಕೋಟಿ ಲೀಟರ್ ಮಾತ್ರ. ಅದರೊಳಗೆ ಕಾರ್ಖಾನೆಗಳ ಎರಡು ಕೋಟಿ ಲೀಟರ್ ಬೆರೆತಾಗ ಲವಣ ಸುಮಾರು 770 ಮಿ.ಗ್ರಾಂ ಮುಟ್ಟುತ್ತದೆ. ಕಾರ್ಖಾನೆಗಳೂ ಅವೇ, ಪರವಾನಗಿಯೂ ಅದೇ, ಒಂದು ಚಮಚ ಉಪ್ಪೂ ಹೆಚ್ಚಾಗಿಲ್ಲ. ತಪಾಸಣೆಗೆ ಬಂದ ಅಧಿಕಾರಿ ಎರಡೂ ಕಾಲದಲ್ಲಿ ನಿಯಮಪಾಲನೆಯಾಗಿದೆ ಎಂದೇ ಬರೆದು ಹೋಗುತ್ತಾರೆ, ಮತ್ತು ಅವರು ಬರೆದದ್ದು ಸುಳ್ಳಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮಿತಿ ಇರುವುದು ಸಾಂದ್ರತೆಗಾದರೆ, ಉಪ್ಪನ್ನು ಕಡಿಮೆ ಮಾಡದೆಯೇ ಮಿತಿಯೊಳಗೆ ಬರಬಹುದು. 4,000 ಮಿ.ಗ್ರಾಂ ಇರುವ ಐದು ಲಕ್ಷ ಲೀಟರ್ ತ್ಯಾಜ್ಯಕ್ಕೆ ಕೊಳವೆಬಾವಿಯ ಐದು ಲಕ್ಷ ಲೀಟರ್ ಒಳ್ಳೆಯ ನೀರನ್ನು ಬೆರೆಸಿದರೆ ಕಾಗದದ ಮೇಲೆ ಎಲ್ಲವೂ ಸರಿಯಾಗುತ್ತದೆ. ನದಿಗೆ ಸೇರಿದ ಉಪ್ಪು ಅಷ್ಟೇ ಇರುತ್ತದೆ, ಅದರ ಮೇಲೆ ಅಂತರ್ಜಲವೂ ಹಾಳಾಗುತ್ತದೆ. ಹೀಗೆ ನೀರು ಬೆರೆಸಿ ತೆಳುವಾಗಿಸುವುದನ್ನು ಅನೇಕ ಕಾನೂನುಗಳು ನಿಷೇಧಿಸಿವೆ. ಆದರೆ ಒಳಬರುವ ನೀರಿನ ಲೆಕ್ಕವನ್ನೂ ಹೊರಹೋಗುವ ಉಪ್ಪಿನ ಒಟ್ಟು ತೂಕವನ್ನೂ ಕೇಳದಿದ್ದರೆ ಆ ನಿಷೇಧವನ್ನು ಜಾರಿ ಮಾಡುವ ದಾರಿಯೇ ಇಲ್ಲ.

ತಮಿಳುನಾಡಿನ ನೊಯ್ಯಲ್ ನದಿಯ ಕಥೆ ಇದನ್ನೆಲ್ಲ ಒಂದೇ ಕಡೆ ತೋರಿಸುತ್ತದೆ. ತಿರುಪ್ಪೂರಿನಲ್ಲಿ ಹತ್ತಿ ಬಟ್ಟೆಗೆ ಬಣ್ಣ ಹಾಕುವಾಗ ಬಣ್ಣ ನೀರನ್ನು ಬಿಟ್ಟು ನೂಲಿಗೆ ಅಂಟಿಕೊಳ್ಳಲಿ ಎಂದು ಉಪ್ಪು ಹಾಕುತ್ತಾರೆ. ಗಾಢ ಬಣ್ಣಕ್ಕೆ ಲೀಟರಿಗೆ 50 ಗ್ರಾಂಗೂ ಮೀರಿ ಬೇಕಾಗುತ್ತದೆ. ಸಮುದ್ರದ ನೀರಿನಲ್ಲಿರುವುದು ಲೀಟರಿಗೆ ಸುಮಾರು 35 ಗ್ರಾಂ. ಹಾಕಿದ ಉಪ್ಪಿನಲ್ಲಿ ಬಟ್ಟೆಯಲ್ಲಿ ಉಳಿಯುವುದು ಏನೂ ಇಲ್ಲ, ಅಷ್ಟೂ ತೊಳೆದ ನೀರಿನ ಜೊತೆ ಹೊರಗೆ ಬರುತ್ತದೆ. ಕಾರ್ಖಾನೆಗಳು ಸೇರಿ ಕಟ್ಟಿಕೊಂಡ ಸಾಮೂಹಿಕ ಸಂಸ್ಕರಣಾ ಘಟಕಗಳು ಮೊದಮೊದಲು ಬಣ್ಣವನ್ನೂ ಜೈವಿಕ ಕೊಳೆಯನ್ನೂ ತೆಗೆಯುತ್ತಿದ್ದವು, ಉಪ್ಪನ್ನು ಮುಟ್ಟುತ್ತಿರಲಿಲ್ಲ. ಆಮ್ಲ, ಸುಣ್ಣ ಮುಂತಾದವನ್ನು ಸೇರಿಸಿ ಸಂಸ್ಕರಿಸುವ ವಿಧಾನವೇ ಇನ್ನಷ್ಟು ಲವಣವನ್ನು ಕೂಡಿಸುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡ ನೀರು ನಾಲಗೆಗೆ ಉಪ್ಪಾಗಿತ್ತು. ಕೆಳದಂಡೆಯ ರೈತರಿಗೆಂದು ಒರತುಪಾಳ್ಯಂನಲ್ಲಿ ಕಟ್ಟಿ 1992ರಲ್ಲಿ ಮುಗಿಸಿದ ಅಣೆಕಟ್ಟು ಕೆಲವೇ ವರ್ಷಗಳಲ್ಲಿ ತ್ಯಾಜ್ಯದ ಕೆರೆಯಾಯಿತು. ನೀರಿಗಾಗಿ ಅಣೆಕಟ್ಟು ಬೇಕೆಂದಿದ್ದ ರೈತರೇ ಅದರಲ್ಲಿ ನೀರು ನಿಲ್ಲಿಸಬೇಡಿ ಎಂದು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಮದ್ರಾಸ್ ಹೈಕೋರ್ಟ್ 2006ರಲ್ಲಿ ದಂಡ ವಿಧಿಸಿತು, ಸುಪ್ರೀಂ ಕೋರ್ಟ್ 2009ರಲ್ಲಿ ಅದನ್ನು ಎತ್ತಿಹಿಡಿಯಿತು, 2011ರ ಜನವರಿಯಲ್ಲಿ ಹೈಕೋರ್ಟ್ ಶೂನ್ಯ ವಿಸರ್ಜನೆಯನ್ನು, ಅಂದರೆ ತ್ಯಾಜ್ಯನೀರನ್ನು ಹೊರಗೆ ಬಿಡದಿರುವುದನ್ನು, ಸಾಧಿಸುವ ತನಕ ಬಣ್ಣದ ಘಟಕಗಳನ್ನು ಮುಚ್ಚಬೇಕೆಂದಿತು. ನೂರಾರು ಘಟಕಗಳು ಒಮ್ಮೆಗೇ ಬಾಗಿಲು ಹಾಕಿದಾಗ ಕೆಲಸ ಕಳೆದುಕೊಂಡವರು ಈ ಉಪ್ಪಿನ ಲೆಕ್ಕದಲ್ಲಿ ಎಲ್ಲಿಯೂ ಪಾಲುದಾರರಾಗಿರಲಿಲ್ಲ. ಮೊದಲ ಹತ್ತು ಕಾರ್ಖಾನೆಗಳಿಗೆ ಅನುಮತಿ ಕೊಡುವಾಗಲೇ ಈ ನದಿ ವರ್ಷಕ್ಕೆ ಎಷ್ಟು ಟನ್ ಉಪ್ಪನ್ನು ಹೊರಬಲ್ಲದು ಎಂದು ಯಾರಾದರೂ ಕೇಳಿದ್ದರೆ ಎರಡೂ ಕಡೆಯ ನೋವು ತಪ್ಪುತ್ತಿತ್ತು ಎಂದು ನಾನು ನಂಬಿದ್ದೇನೆ.

ಹಾಗೆ ಮೊದಲೇ ಕೇಳಿದ ಒಂದು ವ್ಯವಸ್ಥೆ ಇದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಹಂಟರ್ ನದಿಯ ಕಣಿವೆಯಲ್ಲಿ ಕಲ್ಲಿದ್ದಲು ಗಣಿಗಳು, ವಿದ್ಯುತ್ ಸ್ಥಾವರಗಳು, ದ್ರಾಕ್ಷಿ ತೋಟಗಳು ಮತ್ತು ಹೈನುಗಾರಿಕೆ ಎಲ್ಲವೂ ಒಂದೇ ನೀರನ್ನು ನಂಬಿವೆ. ಕಲ್ಲಿದ್ದಲಿನ ಪದರಗಳಿಂದ ಬರುವ ನೀರು ಸಹಜವಾಗಿಯೇ ಉಪ್ಪು. ಅಲ್ಲಿ 1995ರಲ್ಲಿ ಪ್ರಯೋಗವಾಗಿ ಆರಂಭವಾಗಿ 2002ರಲ್ಲಿ ನಿಯಮದ ರೂಪ ಪಡೆದ ಯೋಜನೆಯು ಮಿತಿಯನ್ನು ಕೊಳವೆಯ ಬಾಯಿಂದ ಕಿತ್ತು ನದಿಯ ಮಧ್ಯದಲ್ಲಿ ಇಟ್ಟಿತು. ಸಿಂಗಲ್ಟನ್ ಪಟ್ಟಣದ ಬಳಿ ನದಿಯ ನೀರು 900 ಇಸಿ ಮೀರಬಾರದು, ಮೇಲಿನ ಡೆನ್ಮನ್ ಬಳಿ 600 ಮೀರಬಾರದು. ಒಂದು ದಿನದಲ್ಲಿ ಸಿಂಗಲ್ಟನ್ ದಾಟುವ ನೀರನ್ನು ಒಂದು ತುಂಡು ಎಂದು ಎಣಿಸಿ, ಆ ತುಂಡು ಇನ್ನೆಷ್ಟು ಉಪ್ಪನ್ನು ತಾಳಬಲ್ಲದು ಎಂದು ಲೆಕ್ಕ ಹಾಕಿ ಪ್ರಕಟಿಸುತ್ತಾರೆ. ಹರಿವು ಕಡಿಮೆಯಿದ್ದಾಗ ಯಾರೂ ಒಂದು ಹನಿಯನ್ನೂ ಬಿಡುವಂತಿಲ್ಲ. ಹರಿವು ಹೆಚ್ಚಾದಾಗ ಆ ದಿನದ ಒಟ್ಟು ಅವಕಾಶವನ್ನು 1,000 ಪಾಲುಗಳಾಗಿ ಹಂಚಲಾಗುತ್ತದೆ. ತನ್ನ ಬಳಿ ಎಷ್ಟು ಪಾಲಿದೆಯೋ ಅಷ್ಟೇ ಉಪ್ಪನ್ನು ಒಂದು ಗಣಿ ಬಿಡಬಹುದು, ಸಾಲದಿದ್ದರೆ ಇನ್ನೊಬ್ಬರಿಂದ ಕೊಳ್ಳಬಹುದು. ಪ್ರವಾಹ ಬಂದಾಗ 900ರ ಗುರಿ ಮೀರದಿರುವ ತನಕ ಎಲ್ಲರೂ ಬಿಡಬಹುದು. ಮಧ್ಯದ ದಿನಗಳಲ್ಲಿ ಉಪ್ಪುನೀರನ್ನು ಸ್ವಂತ ಕೊಳಗಳಲ್ಲಿ ಹಿಡಿದಿಟ್ಟುಕೊಳ್ಳುವುದು ಅವರವರ ಜವಾಬ್ದಾರಿ.

ಮಾಲಿನ್ಯದ ಹಕ್ಕನ್ನು ಸರಕಿನಂತೆ ಮಾರುವುದು ಸರಿಯೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ, ಏಳಲೇಬೇಕು. ಮೊದಲು ಬಂದವರು ಪಾಲುಗಳನ್ನು ಶಾಶ್ವತವಾಗಿ ಹಿಡಿದುಕೊಂಡರೆ ನದಿ ಅವರ ಆಸ್ತಿಯಾಗುತ್ತದೆ. ಹಂಟರ್ ಯೋಜನೆ ಇದಕ್ಕೊಂದು ಉತ್ತರ ಇಟ್ಟುಕೊಂಡಿದೆ: ಪಾಲುಗಳ ಆಯಸ್ಸು ಹತ್ತು ವರ್ಷ, ಎರಡು ವರ್ಷಕ್ಕೊಮ್ಮೆ 200 ಪಾಲುಗಳು ಮುಗಿದು ಹೊಸದಾಗಿ ಹರಾಜಿಗೆ ಬರುತ್ತವೆ. ಆ ಯೋಜನೆಯಲ್ಲಿ ಮಾರುಕಟ್ಟೆ ಎರಡನೆಯ ಮಾತು. ಮೊದಲನೆಯದು ನದಿಗೆ ಹಾಕಿದ ಒಟ್ಟು ಮಿತಿ ಮತ್ತು ಹರಿವು ನೋಡಿ ಬಿಡುವ ನಿಯಮ. ಮಾರಾಟವಿಲ್ಲದೆಯೂ ಇವೆರಡನ್ನು ಯಾವ ಸರ್ಕಾರವಾದರೂ ಜಾರಿಗೆ ತರಬಹುದು. ಒಟ್ಟು ಮಿತಿಯಿಲ್ಲದೆ ಬರೀ ಮಾರಾಟವನ್ನು ತಂದರೆ ಅದರಿಂದ ಏನೂ ಆಗದು.

ಅದೇ ದೇಶದ ಮರ್ರೆ-ಡಾರ್ಲಿಂಗ್ ಜಲಾನಯನ ಪ್ರದೇಶದ ಕಷ್ಟ ಬೇರೆ ಬಗೆಯದು, ಇನ್ನೂ ಆಳದ್ದು. ಅಲ್ಲಿ ಉಪ್ಪಿಗೆ ಕೊಳವೆಯೇ ಇಲ್ಲ. ಆಳವಾಗಿ ಬೇರುಬಿಟ್ಟ ಕಾಡುಗಿಡಗಳನ್ನು ಕಡಿದು ಬೇಸಾಯ ಮಾಡಿದಾಗ ಮಳೆನೀರು ಹೆಚ್ಚು ಹೆಚ್ಚಾಗಿ ಇಂಗಿತು. ನಾಲೆ ನೀರೂ ಅದಕ್ಕೆ ಸೇರಿತು. ಕೆಳಗಿದ್ದ ಪುರಾತನ ಉಪ್ಪು ಅಂತರ್ಜಲ ಮೇಲೆದ್ದು ನದಿಯ ಕಡೆಗೆ ತಳ್ಳಲ್ಪಟ್ಟಿತು. ಇವತ್ತು ಕಡಿದ ಕಾಡಿನ ಉಪ್ಪು ನದಿಗೆ ತಲುಪುವುದು ಹತ್ತಾರು ವರ್ಷಗಳ ನಂತರ. 1988ರಲ್ಲಿ ರಾಜ್ಯಗಳು ಒಂದು ಒಪ್ಪಂದಕ್ಕೆ ಬಂದು ಸೌತ್ ಆಸ್ಟ್ರೇಲಿಯದ ಮಾರ್ಗನ್ ಎಂಬಲ್ಲಿ ಅಳತೆಯ ಬಿಂದುವನ್ನು ನಿಗದಿ ಮಾಡಿದವು. ಅಲ್ಲಿ ಶೇ 95ರಷ್ಟು ಕಾಲ ನೀರು 800 ಇಸಿಗಿಂತ ಕೆಳಗಿರಬೇಕು ಎಂಬುದು ಗುರಿ. ಅಡಿಲೇಡ್ ನಗರದ ಕುಡಿಯುವ ನೀರಿನ ದೊಡ್ಡದೊಂದು ಭಾಗ ಹೋಗುವುದು ಇದೇ ನದಿಯಿಂದ.

ಆ ಒಪ್ಪಂದದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಅದರ ಲೆಕ್ಕದ ಪುಸ್ತಕ. ಹೊಸ ನೀರಾವರಿ ಯೋಜನೆಯೋ ಬಸಿಗಾಲುವೆಯೋ, ಮಾರ್ಗನ್‌ನಲ್ಲಿ ಸರಾಸರಿ 0.1 ಇಸಿಯಷ್ಟು ವ್ಯತ್ಯಾಸ ಮಾಡುವ ಕೆಲಸವಾದರೆ ಅದನ್ನು ಆ ರಾಜ್ಯದ ಹೆಸರಿನಲ್ಲಿ ದಾಖಲಿಸಬೇಕು. ಉಪ್ಪು ಹೆಚ್ಚಿಸಿದರೆ ಖರ್ಚು, ತಗ್ಗಿಸಿದರೆ ಜಮೆ. ಖಾತೆ ಖರ್ಚಿನ ಕಡೆ ವಾಲಿದ ರಾಜ್ಯ ಎಲ್ಲಾದರೂ ಉಪ್ಪನ್ನು ತಡೆದು ಸರಿದೂಗಿಸಬೇಕು. 1988ಕ್ಕಿಂತ ಹಿಂದಿನ ಕೃತ್ಯಗಳಿಂದ ಈಗ ಬರುತ್ತಿರುವ ಉಪ್ಪಿಗೆ ಎರಡನೆಯದೊಂದು ಪುಸ್ತಕವೇ ಇದೆ. ಅಜ್ಜನ ಸಾಲವನ್ನು ಬೇರೆ ಪುಟದಲ್ಲಿ ಬರೆದಿಟ್ಟ ಹಾಗೆ. ದಂಡೆಯುದ್ದಕ್ಕೂ ಬಾವಿಗಳ ಸಾಲು ತೋಡಿ, ಉಪ್ಪು ಅಂತರ್ಜಲ ನದಿಗೆ ಸೇರುವ ಮೊದಲೇ ಅದನ್ನು ಪಂಪಿನಿಂದೆತ್ತಿ ದೂರದ ಆವಿಕೊಳಗಳಿಗೆ ಸಾಗಿಸುತ್ತಾರೆ. ಹೀಗೆ ವರ್ಷಕ್ಕೆ ಸುಮಾರು ಐದು ಲಕ್ಷ ಟನ್ ಉಪ್ಪನ್ನು ತಡೆಯಲಾಗುತ್ತಿದೆ. 2012ರ ಜಲಾನಯನ ಯೋಜನೆ ಇನ್ನೊಂದು ಹೆಜ್ಜೆ ಮುಂದಿಟ್ಟು, ವರ್ಷಕ್ಕೆ 20 ಲಕ್ಷ ಟನ್ ಉಪ್ಪು ನದಿಯ ಮುಖದಿಂದ ಸಮುದ್ರಕ್ಕೆ ಹೊರಹೋಗಬೇಕು ಎಂಬ ಉದ್ದೇಶವನ್ನು ಬರೆದುಕೊಂಡಿತು. ನದಿಯ ನೀರನ್ನು ಸಮುದ್ರಕ್ಕೆ ಬಿಟ್ಟರೆ ಪೋಲಾಯಿತು ಎಂದು ಹೇಳುವವರು ಈ ಸಾಲನ್ನು ಗಮನಿಸಬೇಕು. ಎಲ್ಲ ನೀರನ್ನೂ ಜಮೀನಿಗೆ ತಿರುವಿಕೊಂಡವರು ಎಲ್ಲ ಉಪ್ಪನ್ನೂ ಜಮೀನಿಗೇ ತಂದುಕೊಂಡಿರುತ್ತಾರೆ.

ನೀರಿನ ಪ್ರಮಾಣ ಮತ್ತು ಗುಣ ಎರಡನ್ನೂ ಬೇರೆ ಬೇರೆ ಇಲಾಖೆಗಳಿಗೆ ಹಂಚಿದ ದೇಶಗಳಲ್ಲಿ ಈ ಸಂಬಂಧ ಕಣ್ತಪ್ಪುತ್ತದೆ. ಅಮೆರಿಕ ಮತ್ತು ಮೆಕ್ಸಿಕೋ ನಡುವಿನ 1944ರ ಒಪ್ಪಂದ ಕೊಲೊರಾಡೊ ನದಿಯಿಂದ ಮೆಕ್ಸಿಕೋಗೆ ಎಷ್ಟು ನೀರು ಎಂದು ಹೇಳಿತ್ತು, ಎಂಥ ನೀರು ಎಂದು ಹೇಳಿರಲಿಲ್ಲ. 1961ರಲ್ಲಿ ಅರಿಜೋನದ ವೆಲ್ಟನ್-ಮೊಹಾಕ್ ನೀರಾವರಿ ಪ್ರದೇಶದ ಬಸಿನೀರನ್ನು ನದಿಗೆ ಬಿಟ್ಟಾಗ ಮೆಕ್ಸಿಕಾಲಿ ಕಣಿವೆಯ ಬೆಳೆಗಳು ಒಣಗಿದವು. ಒಪ್ಪಂದದ ಪ್ರಮಾಣ ಮಾತ್ರ ಸರಿಯಾಗಿಯೇ ತಲುಪಿತ್ತು. ಹನ್ನೆರಡು ವರ್ಷಗಳ ಜಗಳದ ನಂತರ 1973ರ ಆಗಸ್ಟ್‌ನಲ್ಲಿ ಎರಡೂ ದೇಶಗಳ ಜಂಟಿ ಗಡಿ ಮತ್ತು ನೀರು ಆಯೋಗದ 242ನೆಯ ನಿರ್ಣಯಕ್ಕೆ ಸಹಿ ಬಿತ್ತು. ಇಂಪೀರಿಯಲ್ ಅಣೆಕಟ್ಟಿನ ಬಳಿ ಇರುವ ಲವಣಾಂಶಕ್ಕಿಂತ ಮೆಕ್ಸಿಕೋಗೆ ಹೋಗುವ ನೀರಿನಲ್ಲಿ ಸರಾಸರಿ 115 ಪಿಪಿಎಂಗಿಂತ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ ಎಂಬ ಅಳತೆ) ಹೆಚ್ಚಿರಬಾರದು, ಆಚೀಚೆ 30 ಇರಬಹುದು ಎಂದು ಒಪ್ಪಿಕೊಂಡರು. ಅದಕ್ಕಾಗಿ ಯೂಮಾದಲ್ಲಿ ಕಟ್ಟಿದ ಬೃಹತ್ ಲವಣನಿವಾರಣಾ ಘಟಕ 1992ರಲ್ಲಿ ಸಿದ್ಧವಾದರೂ ಓಡಿದ್ದು ಆಗೀಗ, ಅಲ್ಪಕಾಲ ಮಾತ್ರ. ಬಸಿನೀರನ್ನು ಪ್ರತ್ಯೇಕ ಕಾಲುವೆಯಲ್ಲಿ ಮೆಕ್ಸಿಕೋದ ಮರುಭೂಮಿಗೆ ಸಾಗಿಸಲಾಯಿತು, ಅಲ್ಲಿ ಅದರಿಂದಲೇ ಹಕ್ಕಿಗಳು ತುಂಬಿದ ದೊಡ್ಡ ಜೌಗುಪ್ರದೇಶ ಹುಟ್ಟಿತು. ಈಗ ಆ ಘಟಕವನ್ನು ಪೂರ್ತಿ ಓಡಿಸಿದರೆ ಆ ಜೌಗು ಒಣಗುತ್ತದೆ.

ಕೊಲೊರಾಡೊದ ಉಪ್ಪಿನಲ್ಲಿ ಬೇಸಾಯದ ಪಾಲು ದೊಡ್ಡದಾದರೂ ಅಮೆರಿಕದ ಕಾನೂನು ನೀರಾವರಿಯ ಬಸಿನೀರನ್ನು 1977ರ ತಿದ್ದುಪಡಿಯಿಂದ ಪರವಾನಗಿಯ ಹೊರಗಿಟ್ಟಿದೆ. ರಾಜಕೀಯವಾಗಿ ಇದು ಅರ್ಥವಾಗುವ ನಿರ್ಧಾರ, ಸಾವಿರಾರು ರೈತರಿಗೆ ಪರವಾನಗಿ ಹಂಚುವುದು ಸುಲಭವೂ ಅಲ್ಲ. ಆದರೆ ಉಪ್ಪಿನ ದೃಷ್ಟಿಯಿಂದ ಕಾರ್ಖಾನೆಗೊಂದು ನ್ಯಾಯ, ಹೊಲಕ್ಕೊಂದು ನ್ಯಾಯ ಎಂದಾದಾಗ ಹೊಲದ ಉಪ್ಪನ್ನು ತಗ್ಗಿಸುವ ಖರ್ಚು ಸಾರ್ವಜನಿಕ ಖಜಾನೆಗೆ ಬೀಳುತ್ತದೆ. ಮಣ್ಣಿನ ಕಾಲುವೆಗೆ ಒಳಹಾಸು ಹಾಕಿಸಲು, ನೀರು ಹಾಯಿಸುವ ವಿಧಾನ ಸುಧಾರಿಸಲು ಅಲ್ಲಿನ ಸರ್ಕಾರ ದಶಕಗಳಿಂದ ನೆರವು ಕೊಡುತ್ತಿದೆ. ದಂಡಕ್ಕಿಂತ ಈ ದಾರಿಯೇ ಹೊಲಗಳಿಗೆ ತಕ್ಕುದು ಎಂದು ನನಗೂ ಅನಿಸುತ್ತದೆ, ಆ ನೆರವಿನಿಂದ ಎಷ್ಟು ಟನ್ ಉಪ್ಪು ತಗ್ಗಿತು ಎಂಬ ಲೆಕ್ಕ ಜೊತೆಗಿದ್ದರೆ.

ಖರ್ಚು ಯಾರದು ಎಂಬ ಪ್ರಶ್ನೆ ರೈನ್ ನದಿಯಲ್ಲಿ ಮೂರು ದಶಕ ಎಳೆದಾಡಿತು. ಫ್ರಾನ್ಸಿನ ಅಲ್ಸೇಸ್ ಪ್ರಾಂತ್ಯದ ಪೊಟ್ಯಾಶ್ ಗಣಿಗಳು ಅಪಾರ ಪ್ರಮಾಣದ ಉಪ್ಪನ್ನು ನದಿಗೆ ಸುರಿಯುತ್ತಿದ್ದವು, ಕೆಳಗಿನ ನೆದರ್ಲೆಂಡ್ಸ್‌ನ ಸಸಿತೋಟಗಳು ಅದರ ಪೆಟ್ಟು ತಿನ್ನುತ್ತಿದ್ದವು. 1976ರ ನವೆಂಬರ್ 30ರಂದು ಯುರೋಪಿನ ನ್ಯಾಯಾಲಯ, ಹಾನಿಗೊಳಗಾದವರು ಉಪ್ಪು ಸುರಿದ ದೇಶದಲ್ಲಾಗಲಿ ಹಾನಿಯಾದ ದೇಶದಲ್ಲಾಗಲಿ ದಾವೆ ಹೂಡಬಹುದು ಎಂದು ತೀರ್ಪಿತ್ತಿತು. ಅದಾದ ಮೂರೇ ದಿನಕ್ಕೆ, ಡಿಸೆಂಬರ್ 3ರಂದು, ಬಾನ್ ನಗರದಲ್ಲಿ ದಂಡೆಯ ದೇಶಗಳು ಕ್ಲೋರೈಡ್ ಒಪ್ಪಂದಕ್ಕೆ ಸಹಿ ಹಾಕಿದವು. ಉಪ್ಪು ತಗ್ಗಿಸುವ ಖರ್ಚಿನಲ್ಲಿ ನೆದರ್ಲೆಂಡ್ಸ್ ಶೇ 34, ಜರ್ಮನಿ ಶೇ 30, ಫ್ರಾನ್ಸ್ ಶೇ 30, ಸ್ವಿಟ್ಜರ್ಲೆಂಡ್ ಶೇ 6 ಎಂದು ಹಂಚಿಕೊಂಡರು. ಗಾಯಗೊಂಡವನೇ ಮದ್ದಿನ ದೊಡ್ಡ ಪಾಲು ಕೊಡಬೇಕಾದ ಈ ಹಂಚಿಕೆ ಮಾಲಿನ್ಯ ಮಾಡಿದವರೇ ತೆರಬೇಕೆಂಬ ತತ್ವಕ್ಕೆ ತದ್ವಿರುದ್ಧ. ಆದರೂ ಕೆಳದಂಡೆಯವರು ಒಪ್ಪಿದರು, ಏಕೆಂದರೆ ಕಾಯುವುದು ಅದಕ್ಕಿಂತ ದುಬಾರಿಯಾಗಿತ್ತು. ಒಪ್ಪಂದ ಜಾರಿಗೆ ಬರಲು 1985 ಆಯಿತು. 1991ರಲ್ಲಿ ಹೊಸ ನಿಯಮವೊಂದು ಸೇರಿತು: ಜರ್ಮನಿ-ನೆದರ್ಲೆಂಡ್ಸ್ ಗಡಿಯಲ್ಲಿ ಕ್ಲೋರೈಡ್ ಲೀಟರಿಗೆ 200 ಮಿ.ಗ್ರಾಂ ದಾಟಿದಾಗಷ್ಟೇ ಉಪ್ಪನ್ನು ನೆಲದ ಮೇಲೆ ತಡೆಹಿಡಿಯಬೇಕು. ಈ ನಿಯಮವೂ ಹರಿವಿನ ಜೊತೆ ಹೊಂದಿಕೊಂಡದ್ದು ಎಂಬುದನ್ನು ಗಮನಿಸಬೇಕು. ಆಮೇಲೆ ಅದಿರೇ ಮುಗಿಯುತ್ತ ಬಂದು ಗಣಿಗಳು ಮುಚ್ಚಿದವು. ಖರ್ಚಿನ ಲೆಕ್ಕದ ವಿವಾದದಲ್ಲಿ ಹೇಗ್‌ನ ಪಂಚಾಯ್ತಿ ನ್ಯಾಯಮಂಡಳಿಯ ತೀರ್ಪು ಬಂದದ್ದು 2004ರಲ್ಲಿ.

ಮಿತಿ ಎಂಬ ಅಂಕಿ ಎಲ್ಲಿಂದ ಬರುತ್ತದೆ ಎಂದು ಕೇಳುವುದೂ ಅಗತ್ಯ. ಜರ್ಮನಿಯ ವೆರ್ರಾ ನದಿಗೆ ಗೆರ್ಸ್ಟುಂಗನ್ ಎಂಬಲ್ಲಿ ಲೀಟರಿಗೆ 2,500 ಮಿ.ಗ್ರಾಂ ಕ್ಲೋರೈಡ್ ಎಂಬ ಮಿತಿಯನ್ನು ನಿಗದಿ ಮಾಡಿದ್ದು 1942ರಲ್ಲಿ, ಯುದ್ಧಕಾಲದಲ್ಲಿ, ಪೊಟ್ಯಾಶ್ ಗಣಿಗಾರಿಕೆಗೆ ಎಷ್ಟು ಬೇಕೋ ಅಷ್ಟು ಅವಕಾಶ ಕೊಡುವಂತೆ. ಅದೇ ಅಂಕಿ 21ನೆಯ ಶತಮಾನದ ಪರವಾನಗಿಗಳಲ್ಲೂ ಮುಂದುವರಿಯಿತು. ಮೀನಿಗೂ ಮಣ್ಣಿಗೂ ಏನು ಬೇಕು ಎಂದು ನೋಡಿ ಇಟ್ಟ ಮಿತಿಗೂ, ಉದ್ಯಮಕ್ಕೆ ಏನು ಸಾಧ್ಯ ಎಂದು ನೋಡಿ ಇಟ್ಟ ಮಿತಿಗೂ ಬಹಳ ಅಂತರವಿದೆ. ಎರಡನೆಯದನ್ನು ಇಟ್ಟುಕೊಂಡು ಮೊದಲನೆಯದೆಂದು ಜನರಿಗೆ ಹೇಳುವುದು ಅಪ್ರಾಮಾಣಿಕತೆ.

2022ರ ಬೇಸಿಗೆಯಲ್ಲಿ ಪೋಲೆಂಡ್ ಮತ್ತು ಜರ್ಮನಿಯ ನಡುವೆ ಹರಿಯುವ ಓಡರ್ ನದಿಯಲ್ಲಿ ಆದದ್ದು ಈ ಎಲ್ಲ ಎಳೆಗಳೂ ಒಂದೇ ಗಂಟಾದ ಘಟನೆ. ಜುಲೈ ಕೊನೆಯಿಂದ ಸತ್ತ ಮೀನುಗಳು ತೇಲತೊಡಗಿದವು. ಯುರೋಪಿಯನ್ ಒಕ್ಕೂಟದ ವಿಶ್ಲೇಷಣೆಯಲ್ಲಿ ಸುಮಾರು 360 ಟನ್ ಎಂದು ಅಂದಾಜಿಸಲಾಯಿತು. ಮೊದಲು ಎಲ್ಲರೂ ಹುಡುಕಿದ್ದು ಪಾದರಸವನ್ನು, ಕೀಟನಾಶಕವನ್ನು, ಯಾರೋ ರಾತ್ರೋರಾತ್ರಿ ಸುರಿದಿರಬಹುದಾದ ಒಂದು ವಿಷವನ್ನು. ಸಿಕ್ಕಿದ್ದು ಪ್ರಿಮ್ನೇಸಿಯಂ ಪಾರ್ವಮ್ ಎಂಬ ಹೊಂಬಣ್ಣದ ಪಾಚಿ. ಅದು ಅಳಿವೆಗಳ ಚೌಳುನೀರಿನ ಜೀವಿ. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿರುವ ಸಿಹಿನೀರಿನ ನದಿಯಲ್ಲಿ ಅದಕ್ಕೆ ಜಾಗವಿರಬಾರದಿತ್ತು. ಕಲ್ಲಿದ್ದಲು ಮತ್ತು ತಾಮ್ರದ ಗಣಿಗಳ ಉಪ್ಪುನೀರು ನದಿಯನ್ನು ಅದಕ್ಕೆ ಮನೆ ಮಾಡಿಕೊಟ್ಟಿತು. ಬರದಿಂದ ಹರಿವು ಕುಗ್ಗಿತ್ತು, ನೀರು ಬಿಸಿಯಾಗಿತ್ತು, ಗೊಬ್ಬರ ಮತ್ತು ಚರಂಡಿಯ ಸಾರಜನಕ, ರಂಜಕ ಪಾಚಿಗೆ ಆಹಾರವಾದವು. ಆ ಪಾಚಿ ಬಿಡುವ ವಿಷಕ್ಕೆ ಮೀನಿನ ಕಿವಿರುಗಳು ಹರಿದು ರಕ್ತ ಸೋರುತ್ತದೆ. ನೀರಿನಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ.

ಆ ಉಪ್ಪಿನಲ್ಲಿ ದೊಡ್ಡ ಪಾಲು ಪರವಾನಗಿ ಪಡೆದೇ ಬಿಟ್ಟದ್ದು. ಹರಿವು ಯಾವ ಮಟ್ಟಕ್ಕೆ ಇಳಿದರೆ ಬಿಡುವುದನ್ನು ನಿಲ್ಲಿಸಬೇಕು ಎಂಬ ಹಂಟರ್ ಬಗೆಯ ನಿಯಮ ಅಲ್ಲಿ ಬಿಗಿಯಾಗಿ ಇದ್ದಿದ್ದರೆ ಬರಗಾಲವೇ ಎಚ್ಚರಿಕೆಯ ಗಂಟೆಯಾಗುತ್ತಿತ್ತು. ವಾಹಕತಾ ಮಾಪಕಗಳಲ್ಲಿ ಅಂಕಿ ಏರಿದ್ದು ದಾಖಲಾಗಿತ್ತು. ಏರಿದ ಅಂಕಿಯನ್ನು ನೋಡಿ ಗಣಿಗೆ ಕರೆಮಾಡಿ ನಿಲ್ಲಿಸಿ ಎನ್ನುವ ಅಧಿಕಾರ ಮತ್ತು ಹೊಣೆ ಯಾರದೆಂದು ಸ್ಪಷ್ಟವಿರಲಿಲ್ಲ. ಹವಾಮಾನ ಬದಲಾದಂತೆ ಹರಿವಿಲ್ಲದ ದಿನಗಳು ಹೆಚ್ಚಾಗುವ ಪ್ರದೇಶಗಳಲ್ಲಿ, ಸರಾಸರಿ ಹರಿವನ್ನು ನಂಬಿ ಹಿಂದೆಂದೋ ಕೊಟ್ಟ ಪರವಾನಗಿಗಳೆಲ್ಲ ಇದೇ ಅಪಾಯವನ್ನು ಹೊತ್ತು ಕುಳಿತಿವೆ.

ಹಾಗಾದರೆ ಉಪ್ಪನ್ನು ಪೂರ್ತಿ ತೆಗೆದುಬಿಡಬಾರದೇ ಎಂದರೆ, ತೆಗೆಯಬಹುದು. ಆದರೆ ತೆಗೆದ ಉಪ್ಪನ್ನು ಎಲ್ಲಿಡುವುದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪೊರೆಯ ಮೂಲಕ ನೀರನ್ನು ಒತ್ತಿ ಹಾಯಿಸುವ ಆರ್‌ಒ ವಿಧಾನ ಒಂದು ಕಡೆ ಒಳ್ಳೆಯ ನೀರನ್ನೂ ಇನ್ನೊಂದು ಕಡೆ ಮೊದಲಿಗಿಂತ ಗಟ್ಟಿಯಾದ ಉಪ್ಪುನೀರನ್ನೂ ಕೊಡುತ್ತದೆ. ಶೂನ್ಯ ವಿಸರ್ಜನೆ ಎಂದರೆ ಆ ಗಟ್ಟಿ ನೀರನ್ನೂ ಕುದಿಸಿ ಆವಿಯಾಗಿಸಿ ಒಣ ಉಪ್ಪು ಮಾಡುವುದು. ಅದಕ್ಕೆ ಉರಿಯುವ ಇಂಧನ ಅಪಾರ, ಕೊನೆಗೆ ಸಿಗುವುದು ಬಣ್ಣ, ಸಲ್ಫೇಟ್, ಕ್ಲೋರೈಡ್ ಎಲ್ಲ ಬೆರೆತ ಯಾರಿಗೂ ಬೇಡದ ಮಿಶ್ರಲವಣ. ಅದನ್ನು ಚೀಲಗಳಲ್ಲಿ ತುಂಬಿ ಶೆಡ್ಡಿನಲ್ಲಿ ಅಟ್ಟಿ ಹಾಕಿದ ಮೇಲೆ, ಆ ಶೆಡ್ಡಿನ ಮಾಡು ಸೋರಿದರೆ ಅದು ಮತ್ತೆ ಹೊರಟಲ್ಲಿಗೇ ಹೋಗುತ್ತದೆ. ಕೊಲೊರಾಡೊ ಜಲಾನಯನದ ಪ್ಯಾರಡಾಕ್ಸ್ ಕಣಿವೆಯಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಟನ್ ಉಪ್ಪನ್ನು ಆಳದ ಬಾವಿಯೊಳಗೆ ಒತ್ತಿ ತುಂಬುತ್ತಿದ್ದರು. ಆ ಒತ್ತಡದಿಂದ ಸಣ್ಣಪುಟ್ಟ ಭೂಕಂಪಗಳಾಗುತ್ತಿದ್ದವು, 2019ರ ಮಾರ್ಚ್‌ನಲ್ಲಿ 4.5 ತೀವ್ರತೆಯದೊಂದು ಆದ ಮೇಲೆ ಕೆಲಸ ನಿಲ್ಲಿಸಬೇಕಾಯಿತು.

ಆದ್ದರಿಂದ ನಿಯಂತ್ರಣದ ಭಾರ ಕೊಳವೆಯ ತುದಿಗಿಂತ ಮೊದಲಿನ ಹಂತಕ್ಕೆ ಬೀಳಬೇಕು. ಕಡಿಮೆ ಉಪ್ಪಿನಲ್ಲಿ ಹಿಡಿಯುವ ಬಣ್ಣಗಳಿವೆ. ಉಪ್ಪಿನ ಬದಲು ತಂಪು ಕೊಟ್ಟು ಹಸಿ ಚರ್ಮವನ್ನು ಕೆಡದಂತಿಡುವ ವಿಧಾನವಿದೆ. ಬಿಡುವ ನೀರಿನ ಸಾಂದ್ರತೆಯನ್ನಷ್ಟೇ ಕೇಳುವ ಪರವಾನಗಿಯು ಇಂಥವನ್ನು ಅಳವಡಿಸಿಕೊಂಡ ಕಾರ್ಖಾನೆಗೆ ಏನನ್ನೂ ಕೊಡುವುದಿಲ್ಲ, ಬೋರ್‌ವೆಲ್ ನೀರು ಬೆರೆಸಿದವನಿಂದ ಏನನ್ನೂ ಕಿತ್ತುಕೊಳ್ಳುವುದೂ ಇಲ್ಲ. ವರ್ಷಕ್ಕೆ ಎಷ್ಟು ಟನ್ ಎಂದು ಕೇಳುವ ಪರವಾನಗಿ ಇವರಿಬ್ಬರನ್ನೂ ಬೇರೆ ಮಾಡಿ ನೋಡಬಲ್ಲದು. ಅದಕ್ಕೆ ಬೇಕಾದದ್ದು ಹೊರಹರಿವಿನ ಜಾಗದಲ್ಲಿ ಒಂದು ವಾಹಕತಾ ಮಾಪಕ, ಒಂದು ಹರಿವಿನ ಮಾಪಕ, ಅವೆರಡರ ಅಂಕಿ ಗಂಟೆಗೊಮ್ಮೆ ಯಾರು ಬೇಕಾದರೂ ನೋಡುವಂತೆ ಪ್ರಕಟವಾಗುವ ಏರ್ಪಾಡು, ಮತ್ತು ಕೆಳದಂಡೆಯಲ್ಲಿ ಇದೇ ಎರಡು ಮಾಪಕಗಳಿರುವ ಒಂದು ಸೇತುವೆ. ಮೇಲಿನ ಕೊಳವೆಗಳೆಲ್ಲ ಬರೆದುಕೊಂಡ ಟನ್ನುಗಳನ್ನು ಕೂಡಿ, ಅದಕ್ಕೆ ನದಿಯ ಸಹಜ ಲವಣವನ್ನು ಸೇರಿಸಿ, ಸೇತುವೆಯ ಕೆಳಗೆ ಹಾದುಹೋದ ಟನ್ನುಗಳ ಜೊತೆ ಹೋಲಿಸಿದಾಗ ಎರಡೂ ತಾಳೆಯಾಗದಿದ್ದರೆ, ನಡುವೆ ಎಲ್ಲೋ ದಾಖಲೆಯಿಲ್ಲದ ಕೊಳವೆ ಇದೆ, ಅಥವಾ ಎಲ್ಲೋ ಜಮೀನು ಬಸಿಯುತ್ತಿದೆ. ಹುಡುಕಾಟ ಶುರುವಾಗಬೇಕಾದದ್ದು ಆ ವ್ಯತ್ಯಾಸದಿಂದ.